ಬೇಸ್‌ಮೆಂಟಿಗೆ ಹೋಗಲೊಲ್ಲದ ಲಿಫ್ಟು

ಶಶಿಕಾಂತ: ಗಂಡನ ಪ್ರೋಗ್ರಾಮಿಗೆ ‘ಫೇಲ್’ ಅಂತ ಬರಿಯಾಕ ನಿನಗ ಕೈಯರ ಹೆಂಗ ಬಂತು?

ರೂಪಾಲಿ: ಕೈಲೆ ಬರದಿಲ್ಲರಿ. ಟೈಪ್ ಮಾಡೇನಿ.

ಮುಂಬೈಯ ಸಯನ್‌ನಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ಭಾನುವಾರದ ಎರಡನೇ ಚಹಾ ಯಾರೂ ಮುಟ್ಟದೆ ಆರುತ್ತಿತ್ತು. ಶಶಿಕಾಂತ ಮುಲುಂಡಿನ ಕಂಪನಿಯೊಂದರಲ್ಲಿ ಲಿಫ್ಟು ನಡೆಸುವ ಪ್ರೋಗ್ರಾಮು ಬರೆಯುವವನು. ಅದೂ ಸಿ ಭಾಷೆಯಲ್ಲಿ. ಬೇರೆ ಭಾಷೆಯಲ್ಲಿ ಬರೆಯುವವರನ್ನು ಅವನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ರೂಪಾಲಿ ಬಾಂದ್ರಾದಲ್ಲಿ ಅಂಥ ಪ್ರೋಗ್ರಾಮುಗಳನ್ನು ಸ್ಟ್ಯಾಂಡರ್ಡಿಗೆ, ಅಂದರೆ ಆ ಭಾಷೆಯ ನಿಯಮಪುಸ್ತಕಕ್ಕೆ ಹಚ್ಚಿ ನೋಡಿ, ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ನಡೆದದ್ದು ಇನ್ನೊಂದರ ಮೇಲೂ ಹಾಗೆಯೇ ನಡೆದೀತೇ ಎಂದು ಪರೀಕ್ಷಿಸುವವಳು. ಶಶಿಕಾಂತನ ಲಿಫ್ಟುಗಳ ಹಳೆಯ ಚಿಪ್ಪು ಪೇಟೆಯಿಂದ ಮಾಯವಾಗಿ, ಮರುದಿನವೇ ಒಂದು ಬಿಲ್ಡಿಂಗಿನ ಲಿಫ್ಟಿಗೆ ಹೊಸದನ್ನು ಕೂಡಿಸಬೇಕಾಗಿತ್ತು. ಶಶಿಕಾಂತನ ಪ್ರೋಗ್ರಾಮು ಪಾಸಾಗದೆ ಇರುವುದುಂಟೇ ಎಂದು ಅವನ ಸಾಹೇಬ ಶೇಖರ ಗಿರಾಕಿಗೆ ಮಾತು ಕೊಟ್ಟುಬಿಟ್ಟಿದ್ದ. ಶಶಿಕಾಂತನೂ ತಪಾಸಣೆಯವರನ್ನು ‘ಕಾಮಾ-ಫುಲ್‌ಸ್ಟಾಪು ಎಣಿಸುವವರು’ ಎಂದು ಕರೆದು ಕ್ಯಾಂಟೀನನ್ನು ನಗಿಸಿ ಬಂದಿದ್ದ. ಹಾಗೆ ಎಣಿಸುವವಳು ತನ್ನ ಮನೆಯಲ್ಲೇ ಇದ್ದಾಳೆಂದು ಮಾತ್ರ ಅಲ್ಲಿ ಹೇಳಿರಲಿಲ್ಲ.

ಶಶಿಕಾಂತ: ನಂದು ಅಂತ ಗೊತ್ತಿದ್ದೂ ಬರದಿ.

ರೂಪಾಲಿ: ಹೆಸರು ತಗದು ಕಳಿಸಿದ್ರು. ಆದ್ರ ವೇರಿಯೇಬಲ್‌ಗೆ ‘ನೋಡೋಣ’, ‘ಮತ್ತ ನೋಡೋಣ’ ಅಂತ ಹೆಸರಿಡೋರು ಮುಂಬೈನಾಗ ಎಷ್ಟು ಮಂದಿ ಅದಾರ? ಪಕ್ಷಪಾತ ಆಗಬಾರದು ಅಂತ ನಮ್ಮ ಆಫೀಸಿನ ಸೋನಾಲಿಗೂ ತೋರಿಸಿದೆ.

ಶಶಿಕಾಂತ: ಆಕಿ ಏನಂದ್ಲು?

ರೂಪಾಲಿ: ನಾ ಬರದದ್ದು ಭಾಳ ಮೆತ್ತಗಾತು ಅಂದ್ಲು.

ಶಶಿಕಾಂತ: ಫಾಲತು ಮಂದಿ. ಇಷ್ಟು ವರ್ಷ ಒಂದು ಲಿಫ್ಟು ನಿಂತಿಲ್ಲ. ನಿಮ್ಮ ಸ್ಟ್ಯಾಂಡರ್ಡು ಯಾವತ್ತರ ಲಿಫ್ಟು ಹತ್ತೇತೇನು?

ರೂಪಾಲಿ: ಇಲ್ಲ. ನಿಮ್ಮ ಪ್ರೋಗ್ರಾಮ್ ಓದಿದ ಮ್ಯಾಲೆ ನಾನೂ ಹತ್ತಂಗಿಲ್ಲ. ಸ್ಟ್ಯಾಂಡರ್ಡ್ ಅನ್ನೋದಽ ಇಲ್ಲ.

ಅಡುಗೆಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದ ಶಶಿಕಾಂತನ ತಾಯಿ ಚನ್ನವ್ವನ ಕಿವಿಗೆ ಕೊನೆಯ ಮಾತಷ್ಟೇ ಬಿತ್ತು. ಬುಟ್ಟಿ ಹಿಡಿದುಕೊಂಡೇ ಹೊರಗೆ ಬಂದಳು.

ಚನ್ನವ್ವ: ಯಾರಿಗೆ ಸ್ಟ್ಯಾಂಡರ್ಡ್ ಇಲ್ಲ? ನನ್ನ ಮಗಗೇನು?

ರೂಪಾಲಿ: ಅವರಿಗಲ್ಲರಿ ಅತ್ತಿ. ಅವರು ಬರದದ್ದಕ್ಕ.

ಚನ್ನವ್ವ: ಏನ್ ಬರದಾನ? ಯಾರಿಗೆ ಬರದಾನ?

ಶಶಿಕಾಂತ: ಲಿಫ್ಟಿಗೆ ಬರದೇನವ್ವ.

ಚನ್ನವ್ವ: ಅಷ್ಟಽ ಏನು? ಯಾವಾಕಿಗರ ಬರದಾನೋ ಅಂತ ಅಂಜಿದ್ದೆ.

ರೂಪಾಲಿ: ಬರದಿದ್ರ ಆಕಿನಽ ತಪ್ಪು ತಿದ್ದಿ ವಾಪಸ್ ಕಳಿಸ್ತಿದ್ಲು. ಇದರ ಸುದ್ದಿ ಕೇಳ್ರಿ. ಇದ್ದಲ್ಲಿ ಚಂದ ನಡಿತೈತಿ. ಬ್ಯಾರೆ ಕಡೆ ಒಯ್ದ್ರ ಹೆಂಗ ವರ್ತಿಸ್ತೈತಿ ಅಂತ ಯಾರಿಗೂ ಹೇಳಾಕ ಬರಂಗಿಲ್ಲ.

ಚನ್ನವ್ವ ಮೆಂತ್ಯದ ಕಡ್ಡಿ ಮುರಿಯುವುದನ್ನು ನಿಲ್ಲಿಸಿ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

ಚನ್ನವ್ವ: ಅದು ಮಾತ್ರ ಖರೆ. ನಿಂಗಣ್ಣನ ಮಗಳ ಮದುವಿಗೆ ಬೆಳಗಾವಿಗೆ ಕರಕೊಂಡು ಹೋದಾಗ ಏನ್ ಮಾಡಿದ? ಬಕೀಟು ಸಣ್ಣದು ಅಂತ ಜಳಕಾನ ಮಾಡಲಿಲ್ಲ. ಚಹಾದಾಗ ಶುಂಠಿ ಐತಿ ಅಂತ ಬೀಗರ ಮುಂದಽ ಕಪ್ಪು ಸರಿಸಿದ.

ಶಶಿಕಾಂತ: ಅವ್ವಾ, ನನ್ನ ಸುದ್ದಿ ಅಲ್ಲ. ಪ್ರೋಗ್ರಾಮಿಂದು.

ಚನ್ನವ್ವ: ನೀ ಬರದಿ ಅಂದ ಮ್ಯಾಲೆ ನಿನ್ನ ಗುಣಾನಽ ಬಂದಿರತೈತಿ.

ತಾಯಿಯನ್ನು ಬಿಟ್ಟು ಅವನು ಹೆಂಡತಿಯ ಕಡೆಗೇ ತಿರುಗಿದ. ಅಲ್ಲಿಯಾದರೆ ಗೆಲ್ಲಬಹುದೆಂದು ಅವನಿಗೆ ಅನಿಸಿತ್ತು.

ಶಶಿಕಾಂತ: ಒಂದು ತಪ್ಪು ತೋರಿಸು. ನಿನ್ನ ಪುಸ್ತಕದ್ದಲ್ಲ, ಕಣ್ಣಿಗೆ ಕಾಣೋದು. ಹೊಸ ಚಿಪ್ಪಿನ ಮ್ಯಾಲೂ ನಾ ಟೆಸ್ಟ್ ಮಾಡೇನಿ. ಎಲ್ಲಾ ಮಾಳಿಗಿಗೂ ಹೋಗೇತಿ.

ರೂಪಾಲಿ: ಬೇಸ್‌ಮೆಂಟಿಗೆ?

ಶಶಿಕಾಂತ: ಬೇಸ್‌ಮೆಂಟಿಗೆ ಯಾರ್ ಹೋಗ್ತಾರ?

ರೂಪಾಲಿ: ಕಾರ್ ಇದ್ದವರು.

ಶಶಿಕಾಂತ: ನಮಗೆಲ್ಲೈತಿ ಕಾರು?

ರೂಪಾಲಿ: ಅದಕ್ಕಽ ನಿಮಗ ನೆನಪಾಗಿಲ್ಲ. ಬೇಸ್‌ಮೆಂಟಿಗೇನು ನಂಬರ್ ಕೊಟ್ಟೀರಿ?

ಶಶಿಕಾಂತ: ಮೈನಸ್ ಒಂದು. ಕೂಸಿಗೂ ತಿಳಿತೈತಿ.

ರೂಪಾಲಿ: ಕೂಸಿಗೆ ತಿಳಿತೈತಿ, ಹೊಸ ಚಿಪ್ಪಿಗೆ ತಿಳಿಯಂಗಿಲ್ಲ. ನಂಬರ್ ಇಡೋ ಜಾಗಾಕ್ಕ ಬರೇ ‘ಚಾರ್’ ಅಂತ ಬರದ್ರ, ಅದರಾಗ ಮೈನಸ್ ಹಿಡಿತೈತೋ ಇಲ್ಲೋ ಅನ್ನೋದನ್ನ ಸ್ಟ್ಯಾಂಡರ್ಡು, ಪ್ರೋಗ್ರಾಮನ್ನ ಚಿಪ್ಪಿಗೆ ತಿಳಿಯೋಹಂಗ ತಿರುಗಿಸೋ ಆಯಾ ಕಂಪೈಲರಿಗೆ ಬಿಟ್ಟೈತಿ. ಹಳೇದು ಹಿಡಿತಿತ್ತು. ಹೊಸಾದು ಹಿಡಿಯಂಗಿಲ್ಲ.

ಶಶಿಕಾಂತ: ಬಾಯಿಲೆ ಹೇಳಬ್ಯಾಡ. ಹೊಸ ಚಿಪ್ಪಿನ ಬೋರ್ಡು ನನ್ನ ಚೀಲದಾಗಽ ಐತಿ.

ಅವನು ಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಇಬ್ಬರಿಗೂ ಕಾಣುವಂತೆ ತಿರುಗಿಸಿ, ಬೇಸ್‌ಮೆಂಟಿನ ಗುಂಡಿ ಒತ್ತಿದ. ಬೋರ್ಡಿನ ಪುಟ್ಟ ಪರದೆಯ ಮೇಲೆ 255 ಎಂದು ಮೂಡಿತು. ಅದರ ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ.

ಚನ್ನವ್ವ: ಇನ್ನೂರ ಐವತ್ತೈದನೇ ಮಾಳಿಗಿ. ಮುಲುಂಡಿನಾಗ ಅಷ್ಟು ಎತ್ತರ ಕಟ್ಟ್ಯಾರ?

ರೂಪಾಲಿ: ಎಲ್ಲೂ ಕಟ್ಟಿಲ್ಲರಿ ಅತ್ತಿ. ಮೈನಸ್ ಹಿಡಿಲಾರದ್ದಕ್ಕ ಚಿಪ್ಪು ಮೈನಸ್ ಒಂದನ್ನ ಹಂಗ ಓದೇತಿ. ತುದಿಗೆ ಲಿಫ್ಟು ನಿಲ್ಲಿಸೋ ಸ್ವಿಚ್ಚು ತಡೀಲಿಲ್ಲಂದ್ರ ಲಿಫ್ಟು ಛತ್ತಿಗೆ ಬಡಿತೈತಿ. ಒಳಗ ಮಂದಿ ಇರತಾರ.

ಶಶಿಕಾಂತ ಗುಂಡಿಯನ್ನು ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಬಾಣ ಮೇಲಕ್ಕೇ ತೋರಿಸುತ್ತಿತ್ತು. ನಾಳೆ ತರಕಾರಿ ಚೀಲ ಹಿಡಿದು ಆ ಲಿಫ್ಟಿನೊಳಗೆ ನಿಲ್ಲುವವರು ಅವನ ಕಣ್ಣ ಮುಂದೆ ಬಂದರು. ಪ್ರೋಗ್ರಾಮು ತೆರೆದು, ‘ಚಾರ್’ಗೆ ಮೊದಲು, ಮೈನಸ್ಸನ್ನೂ ಹಿಡಿ ಎಂದು ಹೇಳುವ ‘ಸೈನ್ಡ್’ ಸೇರಿಸಿ, ಮತ್ತೆ ಬೋರ್ಡಿಗೆ ಏರಿಸಿ ಒತ್ತಿದ. ಮೈನಸ್ ಒಂದು. ಬಾಣ ಕೆಳಕ್ಕೆ ತಿರುಗಿತು. ಅದು ಇಳಿದಷ್ಟೂ ಅವನ ಕತ್ತು ಮೇಲಕ್ಕೇರಿತು.

ಶಶಿಕಾಂತ: ಬಸ್, ಆತು. ಒಂದು ಶಬ್ದ. ಒಂದು ಶಬ್ದ ಹುಡುಕಾಕ ಬಾಂದ್ರಾದಾಗ ಒಂದು ಆಫೀಸು, ಅದಕ್ಕ ಎಸಿ ಬ್ಯಾರೆ. ಈಗ ಪಾಸ್ ಅಂತ ಬರಿ.

ರೂಪಾಲಿ ತನ್ನ ಲ್ಯಾಪ್‌ಟಾಪಿನಲ್ಲಿ ರಿಪೋರ್ಟು ತೆರೆದು ಕೆಳಕ್ಕೆ ಸರಿಸಿದಳು. ಸರಿಸುತ್ತಲೇ ಇದ್ದಳು.

ರೂಪಾಲಿ: ಇದು ಮೊದಲನೇದಾತು. ಎರಡನೇದಕ್ಕ ಬರ್ರಿ.

ಚನ್ನವ್ವ ಬುಟ್ಟಿಯನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕ ಕುಳಿತಳು.

ಚನ್ನವ್ವ: ತಡಿಯವ್ವಾ. ಅದರಾಗ ಜಾಗಾ ಉಳದಿದ್ರ ನಾ ಕಂಡವೂ ಒಂದೆರಡು ಬರಕೋ.