ಗೋಲ್ಕೊಂಡಕ್ಕೆ ಹೊರಟ ಚೀಲ

ನಮ್ಮ ಸೋದರಮಾವ ಎರಡು ವರ್ಷದಿಂದ ಗೋಲ್ಕೊಂಡ ಕೋಟೆಯ ಪ್ರವಾಸದಲ್ಲಿದ್ದಾರೆ. ಊಟ, ತಿಂಡಿ, ನಿದ್ದೆ ಮಾತ್ರ ಶಿರಾದ ತಮ್ಮ ಮನೆಯಲ್ಲಿ! ಸುಳ್ಳು ಅನ್ನುತ್ತೀರಾ? ಅವರನ್ನೇ ಕೇಳಿ ನೋಡಿ. "ಹೊರಟಾಗೈತೆ ಕಣಮ್ಮ, ತಲುಪೋದೊಂದೇ ಬಾಕಿ" ಅನ್ನುತ್ತಾರೆ.

ವಿಷಯ ಇಷ್ಟೇ. ಒಳ್ಳೆಯ ಗಳಿಗೆಯಲ್ಲಿ ನಾವು ಹೊರಡಲಾಗದಿದ್ದರೆ, ಆ ಗಳಿಗೆಗೆ ಸರಿಯಾಗಿ ನಮ್ಮ ಚೀಲವನ್ನಾದರೂ ಹೊರಡಿಸಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು ಹಳಬರ ಪದ್ಧತಿ. ಚೀಲ ಹೊರಟರೆ ನಾವು ಹೊರಟ ಹಾಗೆ. ಹೊರಟ ಚೀಲ ಹೋಗಬೇಕಾದ ಊರು ಕಾಣದೆ ಮನೆಗೆ ವಾಪಸ್ ಬರುವಂತಿಲ್ಲ. ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಗ್ರಹಣದ ದಿನ ಮಕ್ಕಳ ಮುಂದೆ ಚಕ್ಕುಲಿ ತಿಂದು ತೋರಿಸಿದವರು. ಅಂಥವರು ಪಂಚಾಂಗ ನೋಡುವುದೇ? ಕೇಳಿದೆ.

"ಗ್ರಹಣ ಹೇಳಿದ ಟೈಮಿಗೆ ಬತ್ತದೆ ಕಣಮ್ಮ. ರೈಲು ಬತ್ತದಾ? ಅದಕ್ಕೆ ದೇವ್ರೇ ಬೇಕು" ಅಂದರು.

ಗಳಿಗೆ ಇದ್ದದ್ದು ಗುರುವಾರ, ಹಿಂದೂಪುರದಿಂದ ರೈಲು ಶನಿವಾರ. ಹಾಗಾಗಿ ಗುರುವಾರ ಬೆಳಿಗ್ಗೆಯೇ ಚೀಲ ಬೀದಿಯ ಕೊನೆಯ ಟೈಲರ್ ಭಾಯ್ ಮನೆ ಸೇರಿತು. ಹೈದರಾಬಾದಿನ ದಿಕ್ಕಿಗೆ ನಮ್ಮ ಬೀದಿಯ ಕೊನೆ ಮನೆ ಅದೇ. ಜೊತೆಗೆ ಹೋಗಬೇಕಾಗಿದ್ದವರೂ ಭಾಯ್ ಅವರೇ. ಶನಿವಾರದ ರೈಲು ಮಾತ್ರ ಇವರಿಬ್ಬರನ್ನೂ ಬಿಟ್ಟು ಹೋಯಿತು. ಅದು ಯಾಕೆಂದು ಹೇಳುತ್ತೇನೆ, ಮೊದಲು ಚೀಲದ ಕಥೆ ಕೇಳಿ. ಅದರೊಳಗೆ ಮಾವನ ಷೇವಿಂಗ್ ಸೆಟ್ಟು, ಸ್ವೆಟರು, ಒಳ್ಳೆಯ ಬಿಳಿ ಶರ್ಟು, ಎರಡನೇ ಕನ್ನಡಕ ಎಲ್ಲಾ ಇವೆ. ಆದ್ದರಿಂದ ಎರಡು ವರ್ಷದಿಂದ ಮಾವ ದಿನಾ ಬೆಳಿಗ್ಗೆ ಭಾಯ್ ಮನೆಗೆ ಹೋಗಿ ಗಡ್ಡ ಹೆರೆದುಕೊಂಡು ಬರುತ್ತಾರೆ!

"ಮದುವೆಗೆ ಆ ಬಿಳಿ ಶರ್ಟು ಹಾಕ್ಕಳ್ರೀ ಅಂದ್ರೆ, ಅದು ಟೂರಿಗೆ ಹೋಗೈತೆ ಅಂತಾರೆ ಕಣಮ್ಮ" ಎಂದು ಅತ್ತೆ ನನ್ನ ಮುಂದೆ ಹಣೆ ಚಚ್ಚಿಕೊಂಡಿದ್ದಾರೆ.

ಶಿರಾದಲ್ಲೇ ಒಂದು ಕೋಟೆ ಇದೆ, ಮಧುಗಿರಿಯಲ್ಲಂತೂ ಬೆಟ್ಟದಷ್ಟೇ ದೊಡ್ಡದಿದೆ. ಗೋಲ್ಕೊಂಡವೇ ಯಾಕೆ ಬೇಕು? ಹಿತ್ತಲ ಗಿಡ ಮದ್ದಲ್ಲ ಅನ್ನಬೇಡಿ. ಇದು ಮೂವತ್ತು ವರ್ಷದ ಜಗಳ! ಭಾಯ್ ಹುಡುಗರಾಗಿದ್ದಾಗ ಹೈದರಾಬಾದಿನಲ್ಲಿ ಹೊಲಿಗೆ ಕಲಿತವರು. ಗೋಲ್ಕೊಂಡದ ಕೆಳಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳಿಸುತ್ತದೆ, ಸುಲ್ತಾನರ ಕಾಲದ ಜಾಣತನ ಅದು, ನನ್ನ ಕಿವಿಯಾರೆ ಕೇಳಿದ್ದೇನೆ ಎನ್ನುವುದು ಅವರ ವಾದ.

"ಅಷ್ಟೆತ್ತರಕ್ಕೆ ಹೆಂಗೆ ಕೇಳ್ತದೆ ಭಾಯ್? ಶಬ್ದದ ಪಾಠ ಮಾಡಿ ಮಾಡಿ ನನ್ನ ಗಂಟಲು ಹೋಗೈತೆ" ಎನ್ನುವುದು ಮಾವನ ವಾದ.

"ಅರೆ ಮೇಷ್ಟ್ರೇ, ನಿಮ್ದು ಪುಸ್ತಕದ್ದು ಶಬ್ದ. ಅಲ್ಲಿಂದು ಕಲ್ಲಿಂದು ಶಬ್ದ!"

ಇದು ಇತ್ಯರ್ಥವಾಗಬೇಕಾದರೆ ಒಬ್ಬರು ಕೆಳಗೆ ತಟ್ಟಬೇಕು, ಒಬ್ಬರು ಮೇಲೆ ಕೇಳಬೇಕು. ಮಾವ ಹತ್ತುವುದು, ಭಾಯ್ ತಟ್ಟುವುದು ಎಂದು ತೀರ್ಮಾನವಾಯಿತು. ಮಾವ ಹಳೆಯ ಪಾಠಯೋಜನೆ ಪುಸ್ತಕ ತೆಗೆದು ಪ್ರವಾಸವನ್ನೂ ಪಾಠದಂತೆ ಬರೆದರು. ಉದ್ದೇಶ: ಭಾಯ್ ಬಾಯಿ ಮುಚ್ಚಿಸುವುದು. ಪಾಠೋಪಕರಣ: ಟಾರ್ಚು, ಚುರುಮುರಿ. ಗೃಹಪಾಠ: ಹತ್ತುವ ಅಭ್ಯಾಸ.

ಆ ಗೃಹಪಾಠಕ್ಕೆ ಬಲಿಯಾದವಳು ನಾನು. ತಾವರೆಕೆರೆ ಕಡೆ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿರುವ ನನ್ನ ಭಾನುವಾರಕ್ಕೆ ಬೆಲೆಯೇ ಇಲ್ಲವೇ? ಮಧುಗಿರಿ ಬೆಟ್ಟದ ಬುಡದಲ್ಲಿ ನನ್ನನ್ನು ನಿಲ್ಲಿಸಿ ಮಾವ ಏರುತ್ತಾ ಹೋದರು. ಅರ್ಧ ಏರಿ ಫೋನು ಮಾಡಿ, "ಈಗ ತಟ್ಟಮ್ಮ!" ಅಂದರು. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ನೋಡುವವರೆಲ್ಲ ನಗುತ್ತಿರಲು, ತಟ್ಟಿದೆ.

"ಅಯ್ಯೋ, ಕೇಳಿಸ್ಬುಡ್ತಲ್ಲಮ್ಮ! ನಾನು ಸೋತೆ!"

"ಮಾವ, ಮೊದ್ಲು ಫೋನ್ ಕಟ್ ಮಾಡಿ" ಅಂದೆ.

ಇನ್ನು ಆ ರೈಲಿನ ವಿಷಯ. ಚೀಲ ಹೊರಟ ಮರುದಿನ, ಶುಕ್ರವಾರ, ಭಾಯ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದರು. ಮಾವ ಯೋಜನೆ ಕೈಬಿಡುತ್ತಾರೆ ಎಂದುಕೊಂಡೆವು. ಎಲ್ಲಿಯ ಮಾತು! ದಿನಾ ಗಡ್ಡ ಹೆರೆದುಕೊಳ್ಳುತ್ತಾ ಭಾಯ್ ಮಂಚದ ಪಕ್ಕದಲ್ಲೇ ಕೋಟೆಯ ಚರ್ಚೆ. ಮಳೆಗಾಲ ಬೇಡ, ಬಿಸಿಲು ಬೇಡ, ಪರೀಕ್ಷೆ ರಜೆಯಲ್ಲಿ ಜನ ಜಾಸ್ತಿ. ಪಾಠಯೋಜನೆ ಎರಡನೇ ಪುಸ್ತಕಕ್ಕೆ ಕಾಲಿಟ್ಟಿತು.

ನನಗೆ ಸಿಟ್ಟು ಬಂತು. ಮೊನ್ನೆ ಭಾನುವಾರ ಬೀದಿಯಲ್ಲೇ ಹಿಡಿದು ಹೇಳಿಬಿಟ್ಟೆ: "ಮಾವ, ಸಾಕು. ಎದ್ದು ನಿಲ್ಲೋಕಾಗದವರಿಗೆ ದಿನಾ ಆಸೆ ತೋರಿಸ್ತೀರಲ್ಲ, ಪಾಪ ಅನ್ಸಲ್ವಾ?" ಮಾವ ನೇರ ಭಾಯ್ ಮನೆಗೆ ನಡೆದರು. ನಾನೂ ಹಿಂದೆ ಹೋದೆ.

ಒಳಗೆ ಮಾವ ಗಡ್ಡಕ್ಕೆ ಸೋಪು ಹಚ್ಚುತ್ತಿರುವಾಗ ಭಾಯ್ ಅದೇ ಮಾತು ತೆಗೆದರು. "ಮೇಷ್ಟ್ರೇ, ಇವತ್ತು ನಿಮ್ ಬ್ಯಾಗು ಮನೆಗ್ ತಗೊಂಡೋಗ್ಬುಡಿ. ಹತ್ತೋಕೆ ಕಾಲಿಲ್ಲ, ತಟ್ಟೋಕೆ ಕೈಯಿಲ್ಲ. ಒಂದೇ ಕೈಯಾಗೆ ಚಪ್ಪಾಳೆ ಆಯ್ತದಾ? ಬಸ್, ಸಾಕು, ನಾನು ಸೋತೆ ಅಂತ ಬರ್ಕೊಳ್ಳಿ."

ಮಾವನ ಕೆನ್ನೆಯಲ್ಲಿ ಇನ್ನೂ ಸೋಪಿನ ನೊರೆ. ಹಾಗೇ ಹೋಗಿ ಮಂಚದ ಮೇಲೆ, ಭಾಯ್ ಬಲಗಡೆ ಕೂತರು. ತಮ್ಮ ಬಲಗೈ ಚಾಚಿ ಹಿಡಿದರು.

"ನಿಮ್ ಎಡಗೈ ಚೆನ್ನಾಗೈತಲ್ಲ? ಹೊಡೀರಿ."

ಭಾಯ್ ಮಾವನ ಮುಖ ನೋಡಿದರು.

"ಹೊಡೀರಿ ಭಾಯ್. ಗೋಲ್ಕೊಂಡದಾಗೆ ನಾವಿಬ್ರೂ ಕೆಳಗೇ ಕೂತ್ಕಳಾಣ. ಹತ್ತೋಳು ಇವ್ಳು." ನನ್ನ ಕಡೆ ತಿರುಗಿದರು. "ಏನಮ್ಮ ನೋಡ್ತಾ ನಿಂತೆ? ತಾರಸಿಗೆ ಹತ್ತು!"

ಹತ್ತಿದೆ. ಕೆಳಗಿನಿಂದ ಒಂದು ಸದ್ದು ಬಂತು. ಎರಡನೇ ಸಲ ಜೋರಾಗಿ ಬಂತು. ಇಬ್ಬರು ಮುದುಕರ ಒಂದೊಂದು ಕೈ ಸೇರಿ ಆದ ಚಪ್ಪಾಳೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೀದಿಯಲ್ಲಿ ಆಡಿದ ಮಾತಿಗೆ ನಾಚಿಕೆಯಾಯಿತು.

"ಕೇಳಿಸ್ತೇನಮ್ಮಾ?" ಮಾವ ಕೂಗಿದರು.

"ಕೇಳ್ತು ಮಾವ!"

"ದೇಖೋ!" ಭಾಯ್ ದನಿ ಏರಿತು.

"ಏನ್ ದೇಖೋ? ಹದಿನೈದು ಮೆಟ್ಲಿಗೆಲ್ಲ ಗೆದ್ದಂಗಾ? ಅಲ್ಲಿಗೆ ಬನ್ನಿ, ಅಲ್ಲಿ ಸೋಲಿಸ್ತೀನಿ!" ಮಾವ ಒಂದು ಅಂಗುಲವೂ ಬಿಟ್ಟುಕೊಡಲಿಲ್ಲ. ಅದಕ್ಕೆ ಭಾಯ್ ಗಟ್ಟಿಯಾಗಿ ಬೈದರು. ಎರಡು ವರ್ಷದ ನಂತರ ಆ ಬೈಗುಳ ಕೇಳಿದೆ. ಎಷ್ಟು ಸುಖವಾಯಿತು ಗೊತ್ತೇ?

ಹಿಂದೂಪುರದಿಂದ ಮೂರು ಟಿಕೆಟ್ ಮಾಡಿಸಿದ್ದೇನೆ. ಕೋಟೆಯ ಬಾಗಿಲವರೆಗೆ ಗಾಲಿಕುರ್ಚಿ ಸಿಗುತ್ತದೋ ವಿಚಾರಿಸುತ್ತಿದ್ದೇನೆ. ತುದಿಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಇಬ್ಬರೂ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆದರೆ ಈ ಜಗಳ ಮುಗಿಸುವ ಧೈರ್ಯ ನನಗಿಲ್ಲ. "ಗಾಳಿ ಜೋರಾಗಿತ್ತು, ಸರಿಯಾಗಿ ಗೊತ್ತಾಗಲಿಲ್ಲ ಮಾವ, ಮುಂದಿನ ವರ್ಷ ಇನ್ನೊಂದು ಸಲ ಬರೋಣ" ಎಂದುಬಿಡುತ್ತೇನೆ.