ಮೀನಿನ ತೊಟ್ಟಿಗೆ ನಾನು ಮಾಡಿದ ಸ್ಟ್ಯಾಂಡು

ದಿನವಿಡೀ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವರಿಗೆ ಕ್ರಮೇಣ ಒಂದು ಭ್ರಮೆ ಅಂಟಿಕೊಳ್ಳುತ್ತದೆ. ಆ ಕೆಲಸ ತಮಗೂ ಬರುತ್ತದೆ ಎನ್ನುವ ಭ್ರಮೆ. ನನಗೆ ಅದು ಅಂಟಿ ಹದಿನೆಂಟು ವರ್ಷಗಳಾದವು. ಮಹದೇವಪುರದ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಕ. ಸಣ್ಣಪುಟ್ಟ ವರ್ಕ್‌ಶಾಪುಗಳಿಂದ ಬರುವ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುವುದು ನನ್ನ ಉದ್ಯೋಗ. ಲೇತ್ ಮೆಷಿನ್ನಿನ ಮುಂದೆ ಒಂದು ದಿನವೂ ನಿಂತವನಲ್ಲ. ಆದರೆ ಅದರ ಮುಂದೆ ಇಡೀ ಆಯಸ್ಸು ಕಳೆದವರಿಗೆ ಅರ್ಧ ಗಂಟೆ ನಿಲ್ಲಿಸದೆ ಉಪದೇಶ ಮಾಡಬಲ್ಲೆ. ಅವರು "ಆಯ್ತು ಸಾರ್" ಎಂದು ತಲೆಯಾಡಿಸುವುದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಇಂಥ ನನ್ನ ಮನೆಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದು ಬಂತು. ಸಹೋದ್ಯೋಗಿಯೊಬ್ಬರಿಗೆ ಪುಣೆಗೆ ವರ್ಗವಾಗಿತ್ತು. ಅವರ ಏಳು ವರ್ಷದ ಮಗಳು ಅನಘಾ ಅಳುತ್ತಲೇ ತನ್ನ ಹತ್ತು ಗೋಲ್ಡ್‌ಫಿಶ್‌ಗಳನ್ನೂ ಆ ತೊಟ್ಟಿಯನ್ನೂ ನಮಗೆ ಒಪ್ಪಿಸಿದಳು. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕೆಂದು ಕರಾರು ಹಾಕಿದಳು. ತೊಟ್ಟಿಯ ಹಳೆಯ ಸ್ಟ್ಯಾಂಡು ತುಕ್ಕು ಹಿಡಿದು ಅಲ್ಲೇ ಮುರಿದುಬಿದ್ದಿತ್ತು. ಮೀನುಗಳನ್ನು ತಾತ್ಕಾಲಿಕವಾಗಿ ನಮ್ಮ ಸ್ನಾನದ ದೊಡ್ಡ ಬಕೆಟ್ಟಿಗೆ ಬಿಟ್ಟೆವು. ನಾವು ಪಾತ್ರೆ ತೊಳೆಯುವ ಟಬ್ಬಿನಿಂದ ಸ್ನಾನ ಮಾಡತೊಡಗಿದೆವು.

"ಬಡಗೀನ ಕರೀರಿ. ಮೇಲ್ಗಡೆ ಮನೇಲೇ ಒಬ್ರು ವಾರ್ಡ್‌ರೋಬ್ ಮಾಡ್ತಿದಾರಲ್ಲ" ಎಂದಳು ಹೆಂಡತಿ ವನಜಾ.

"ನಾಲ್ಕು ಕಾಲು, ಒಂದು ಹಲಗೆ. ಇದಕ್ಕೂ ಬಡಗಿ ಬೇಕಾ? ನಾನೇ ಮಾಡ್ತೀನಿ."

ವನಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಜಗಳಕ್ಕೂ ಲೆಕ್ಕವನ್ನೇ ಬಳಸುತ್ತಾಳೆ. "ಮುನ್ನೂರು ಲೀಟರ್ ನೀರು ಹಿಡಿಯತ್ತೆ. ಅಂದ್ರೆ ಮುನ್ನೂರು ಕೆಜಿ. ನಾವು ಕುಡಿಯೋ ನೀರಿನ ಕ್ಯಾನ್ ಇದೆಯಲ್ಲ, ಅಂಥವು ಹದಿನೈದು. ಗಾಜು, ಕಲ್ಲು ಬೇರೆ. ಯೋಚ್ನೆ ಮಾಡಿ" ಎಂದು ಹೇಳಿ ಉತ್ತರಪತ್ರಿಕೆ ತಿದ್ದಲು ಕುಳಿತಳು.

ನಾನು ಯೋಚನೆ ಮಾಡಲಿಲ್ಲ, ನಕ್ಷೆ ಮಾಡಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಮೂರು ದಿಕ್ಕಿನಿಂದ ನೋಟ, ಮಿಲಿಮೀಟರ್ ಲೆಕ್ಕದ ಅಳತೆ, ಕೆಳಗೆ ನನ್ನದೇ ಸಹಿ, 'ಪರಿಶೀಲಿಸಿದವರು' ಎಂಬಲ್ಲಿ ಮತ್ತೊಮ್ಮೆ ನನ್ನದೇ ಸಹಿ. ನಕ್ಷೆಯನ್ನು ನಾಲ್ಕು ಸಲ ಪರಿಷ್ಕರಿಸಿದೆ. ಪ್ರತಿ ಸಲವೂ ಪರಿಷ್ಕಾರವಾದದ್ದು ಅಕ್ಷರದ ಗಾತ್ರ ಮಾತ್ರ. ಈ ನಡುವೆ ಎರಡು ಭಾನುವಾರ ಕಳೆದವು, ಬಕೆಟ್ಟಿನಲ್ಲಿ ಎರಡು ಮೀನು ಸತ್ತವು. ವಿಡಿಯೋ ಕಾಲ್‌ನಲ್ಲಿ ಅನಘಾ, "ಆಂಟಿ, ಇನ್ನೂ ಬಕೆಟ್‌ನಲ್ಲೇ ಇದಾವಾ? ಎಂಟೇ ಕಾಣ್ತಿದಾವಲ್ಲ?" ಎಂದು ಕೇಳಿದಳು. ಎರಡು ತಳದಲ್ಲಿ ಮಲಗಿವೆ ಎಂದು ನಾನು ಪಕ್ಕದಿಂದ ಕೂಗಿದೆ. ವನಜಾ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದು ನನ್ನ ಹಿತದೃಷ್ಟಿಯಿಂದ ಒಳ್ಳೆಯದಲ್ಲ.

ಮರುದಿನವೇ ರಜೆ ಹಾಕಿ ಮರ ತಂದೆ. ಕಾರಿಡಾರಿನಲ್ಲಿ ಗರಗಸ, ಡ್ರಿಲ್ಲು, ಸ್ಕ್ರೂಗಳನ್ನು ಹರಡಿಕೊಂಡು ಕುಳಿತೆ. ಮೇಲಿನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಬಡಗಿ ಬಸಪ್ಪ ಚಹಾ ಕುಡಿಯಲು ಇಳಿದುಬಂದವನು ನನ್ನ ಮುಂದೆ ನಿಂತ. ಕೊಪ್ಪಳದ ಕಡೆಯವನು. ಐವತ್ತು ದಾಟಿದ ವಯಸ್ಸು. ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ಕೋಣೆ ಹಿಡಿದು ಊರವರ ಜೊತೆ ಇದ್ದವನು.

"ಮಂಚ ಏನ್ರೀ ಸಾಹೇಬ್ರ?"

"ಮಂಚ ಅಲ್ಲ, ಮೀನಿನ ತೊಟ್ಟಿ ಇಡೋ ಸ್ಟ್ಯಾಂಡು."

ಬಸಪ್ಪ ಬಗ್ಗಿ ನೋಡಿದ. ನಾನು ನಾಲ್ಕು ಕಾಲುಗಳ ಒಳಮಗ್ಗುಲಿಗೆ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದು, ಆ ಪಟ್ಟಿಗಳ ಮೇಲೆ ಹಲಗೆ ಕೂರಿಸಿದ್ದೆ. "ಭಾರ ಎಲ್ಲಾ ಸ್ಕ್ರೂ ಮ್ಯಾಲೆ ಬೀಳತೈತಲ್ರೀ. ಭಾರ ಕಾಲಿನ ತಲಿ ಮ್ಯಾಲೆ ಕುಂದ್ರಬೇಕ್ರಿ" ಎಂದ.

ಹದಿನೆಂಟು ವರ್ಷದ ಅನುಭವ ನನ್ನೊಳಗಿಂದ ಎದ್ದು ನಿಂತಿತು. ಸ್ಕ್ರೂವಿನ ದಪ್ಪ, ಉಕ್ಕಿನ ಗುಣ, ಭಾರದ ಹಂಚಿಕೆ ಎಂದು ವಿವರಿಸುತ್ತಾ ಹೋದೆ. ನಕ್ಷೆಯನ್ನೂ ತೋರಿಸಿದೆ. ಬಸಪ್ಪ ಕೊನೆಯವರೆಗೂ ಕೇಳಿ, "ಆಯ್ತ್ರಿ ಸಾಹೇಬ್ರ" ಎಂದು ತಲೆಯಾಡಿಸಿ ಮೆಟ್ಟಿಲು ಹತ್ತಿ ಹೋದ.

ಸಂಜೆಗೆ ಸ್ಟ್ಯಾಂಡು ಸಿದ್ಧವಾಯಿತು. ಹಾಲ್‌ನಲ್ಲಿಟ್ಟು ಅದರ ಮೇಲೆ ಹತ್ತಿ ನಿಂತೆ. ಸ್ವಲ್ಪ ಓಲಾಡಿತು. ಹೊಸ ಮರ ಹಾಗೇ, ದಿನ ಕಳೆದಂತೆ ಸರಿಹೋಗುತ್ತದೆ ಎಂದೆ. ಇದೇ ಮಾತನ್ನು ವರ್ಕ್‌ಶಾಪಿನವರು ಯಾರಾದರೂ ನನ್ನೆದುರು ಆಡಿದ್ದರೆ ಅವರ ಒಂದಿಡೀ ಲಾರಿ ಮಾಲು ವಾಪಸು ಹೋಗುತ್ತಿತ್ತು.

"ಗಾಜು ಇಡೋಕ್ಮುಂಚೆ ನೀರಿನ ಕ್ಯಾನ್ ಇಟ್ಟು ನೋಡಿ" ಎಂದಳು ವನಜಾ. ಕೆಳಗಿನ ಅಂಗಡಿಯಿಂದ ಕ್ಯಾನುಗಳನ್ನು ತರಿಸಿ ಒಂದೊಂದಾಗಿ ಏರಿಸಿದೆ. ನಾಲ್ಕು ಕ್ಯಾನು ಕೂತವು. ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅವುಗಳ ಮೇಲೆ ಎರಡನೆಯ ಸಾಲು ಶುರುಮಾಡಿದೆ. ಏಳನೆಯ ಕ್ಯಾನು ಇಟ್ಟು ಕೈ ತೆಗೆಯುವಷ್ಟರಲ್ಲಿ ಟಿಣ್ ಎಂದು ಒಂದು ಸ್ಕ್ರೂ ಹಾರಿ ಟಿವಿಗೆ ಬಡಿಯಿತು. ಸ್ಟ್ಯಾಂಡು ವನಜಾಳ ಕಡೆಗೆ ನಿಧಾನವಾಗಿ ಬಾಗಿ, ನಮಸ್ಕಾರ ಮಾಡಿದಂತೆ ಮಾಡಿ, ಮಕಾಡೆ ಮಲಗಿತು. ಕ್ಯಾನುಗಳು ಉರುಳಿ, ಮೂರರ ಮುಚ್ಚಳ ಕಿತ್ತುಹೋಗಿ, ಹಾಲ್ ತುಂಬ ನೀರು. ಹತ್ತನೇ ತರಗತಿಯ ಉತ್ತರಪತ್ರಿಕೆಗಳು ಸೋಫಾದ ಕೆಳಗೆ ತೇಲಿಹೋದವು. "ಇದಕ್ಕೇ ಪರೀಕ್ಷೆ ಅನ್ನೋದು. ಫೇಲ್ ಆಗೋದೇ ಅದರ ಉದ್ದೇಶ" ಎಂದು ನಾನು ನೀರಿನಲ್ಲಿ ನಿಂತು ಹೇಳಿದೆ. ಕೇಳಿಸಿಕೊಳ್ಳುವವರು ಇರಲಿಲ್ಲ. ವನಜಾ ಆಗಲೇ ಮೇಲಿನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ಬಸಪ್ಪ ಬಂದ. ನಗಲಿಲ್ಲ. ಅದು ಇನ್ನೂ ಕಷ್ಟ. ನನ್ನ ಸ್ಟ್ಯಾಂಡಿನ ಒಂದೊಂದೇ ಸ್ಕ್ರೂ ಬಿಚ್ಚಿ ನೆಲದ ಮೇಲೆ ಸಾಲಾಗಿ ಜೋಡಿಸಿದ. ಕಾಲುಗಳ ತಲೆಯ ಮೇಲೆಯೇ ದಪ್ಪ ಚೌಕಟ್ಟು ಕೂರಿಸಿ, ನಡುವೆ ಇನ್ನೆರಡು ಕಾಲು ಕೊಟ್ಟು, ಹಿಂದೆ ಓರೆಪಟ್ಟಿ ಬಡಿದ. "ಬಸಪ್ಪನವರೇ, ನಾನೇನಾದ್ರೂ ಮಾಡ್ಲಾ?" ಎಂದೆ. ಬೆಳಗ್ಗೆ ಅವನು ಬರೀ ಬಸಪ್ಪನಾಗಿದ್ದ. "ಟಾರ್ಚ್ ಹಿಡೀರಿ" ಎಂದ. ಹಿಡಿದೆ. ಎರಡು ಸಲ, "ಇಲ್ಲಿ ಹಿಡೀರಿ ಸಾಹೇಬ್ರ, ಅಲ್ಲಿ ಅಲ್ಲ" ಎಂದು ತಿದ್ದಿದ. ಹದಿನೈದು ಕ್ಯಾನು ಏರಿಸಿದರೂ ಅವನ ಸ್ಟ್ಯಾಂಡು ಅಲ್ಲಾಡಲಿಲ್ಲ. ಆ ಭಾನುವಾರ ಎಂಟು ಮೀನುಗಳೂ ತೊಟ್ಟಿಯಲ್ಲಿ ಈಜಿದವು. ಉಳಿದೆರಡರ ವಿಷಯವನ್ನು ವನಜಾ ಅನಘಾಳಿಗೆ ನಿಜ ಹೇಳಿಯೇ ಮುಗಿಸಿದಳು. ಮಗು ಅತ್ತಿತು. ನಾನು ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕುಳಿತಿದ್ದೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಮುಂದಿನ ವಾರ ಕೆಳಗಿನ ಮನೆಯ ಶ್ರೀಧರ್ ಬಂದರು. ತೊಟ್ಟಿಗಿಂತ ಹೆಚ್ಚಾಗಿ ಸ್ಟ್ಯಾಂಡನ್ನು ನೋಡಿದರು. "ಸಕ್ಕತ್ತಾಗಿದೆ ಸಾರ್! ಎಲ್ಲಿ ತಗೊಂಡ್ರಿ?" ಎಂದರು. "ತಗೊಳ್ಳೋದೇನು, ನಾನೇ ಮಾಡಿದ್ದು" ಎಂದುಬಿಟ್ಟೆ. ಬಿಟ್ಟುಹೋಗಿದ್ದ ಉಳಿಯನ್ನು ಒಯ್ಯಲು ಬಂದ ಬಸಪ್ಪ ಬಾಗಿಲಲ್ಲೇ ನಿಂತಿದ್ದಾನೆಂಬುದು ಆಮೇಲೆ ಕಂಡಿತು. ಅವನು ಶಾಂತವಾಗಿ, "ಹೌದ್ರಿ, ಸಾಹೇಬ್ರ ಮಾಡ್ಯಾರ. ನಾ ಎದುರಿಗೇ ಇದ್ದೆ" ಎಂದು ಉಳಿ ಎತ್ತಿಕೊಂಡು ಹೋದ. ವನಜಾ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆ ಸೇರಿದಳು.

"ಹಾಗಾದ್ರೆ ನಮ್ಮನೆಗೂ ಒಂದು ಮಾಡ್ಕೊಡಿ ಸಾರ್. ಆರಡಿ ಟ್ಯಾಂಕ್ ಆರ್ಡರ್ ಮಾಡಿದೀನಿ" ಎಂದರು ಶ್ರೀಧರ್.

ಭಾನುವಾರವೇ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಬಸಪ್ಪನ ಮೇಲ್ಮನೆಯ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಫೋನ್ ಮಾಡಿದರೆ ಬೊಮ್ಮನಹಳ್ಳಿಯಲ್ಲಿದ್ದ. ಕೂಲಿಯ ಜೊತೆ ಹೋಗಿಬರುವ ಖರ್ಚನ್ನೂ ಕೊಡುತ್ತೇನೆ ಎಂದು ಗೋಗರೆದೆ. "ನೀವು ಮಾಡೋ ಕೆಲಸಕ್ಕ ನಾ ಯಾಕ್ರಿ?" ಎಂದು ಒಂದು ಸಲ ಕೇಳಿ, ನಾನು ಇನ್ನೊಮ್ಮೆ ಗೋಗರೆಯುವುದನ್ನು ಪೂರ್ತಿ ಕೇಳಿಸಿಕೊಂಡು, ಬರಲು ಒಪ್ಪಿದ.

ಭಾನುವಾರ ಶ್ರೀಧರ್ ಮನೆಯವರೆಲ್ಲ ನೋಡಲು ಕುರ್ಚಿ ಹಾಕಿಕೊಂಡು ಕುಳಿತಿದ್ದರು. "ಇವರು ನಿಮ್ಮ ಹೆಲ್ಪರ್ರಾ ಸಾರ್?" ಎಂದು ಶ್ರೀಧರ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಸಪ್ಪ, "ಹೌದ್ರಿ, ಇವರ ಕೈಕೆಳಗ ಕಲಿಯಾಕ ಬಂದೇನಿ" ಎಂದ. ಚೀಲದಿಂದ ಗರಗಸ ತೆಗೆದು ಎರಡೂ ಕೈಯಿಂದ ನನ್ನ ಮುಂದೆ ಚಾಚಿದ. "ಸುರು ಮಾಡ್ರಿ ಗುರುಗಳ. ನಾ ನೋಡ್ತೀನಿ" ಎಂದು ಗೋಡೆಗೊರಗಿ ಕೈಕಟ್ಟಿ ನಿಂತ.

ಗರಗಸ ಕೈಯಲ್ಲಿ ಹಿಡಿದು ನಿಂತೆ. ಕೊನೆಗೆ ಸೋತು, "ಶ್ರೀಧರ್, ನನಗೆ ಈ ಕೆಲಸ ಬರಲ್ಲ. ನಮ್ಮನೇದನ್ನೂ ಬಸಪ್ಪನವರೇ ಮಾಡಿದ್ದು. ನಾನು ಟಾರ್ಚ್ ಹಿಡಿದಿದ್ದೆ ಅಷ್ಟೇ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಶ್ರೀಧರ್ ಹೆಂಡತಿಯ ಕಡೆ ತಿರುಗಿ, "ನೋಡ್ದೇನೇ? ಎಷ್ಟು ವಿನಯ ಸಾರ್‌ಗೆ! ಕ್ರೆಡಿಟ್ಟೆಲ್ಲ ಹೆಲ್ಪರಿಗೇ ಕೊಡ್ತಿದಾರೆ" ಎಂದರು. ಆಕೆ ಕಣ್ಣರಳಿಸಿ ನನಗೆ ಕಾಫಿ ತಂದುಕೊಟ್ಟರು. ಬಸಪ್ಪ ನನ್ನ ಕೈಯಿಂದ ಗರಗಸ ತೆಗೆದುಕೊಂಡು ಕೆಲಸ ಶುರುಮಾಡಿದ. ಅದು ವಿನಯವಲ್ಲ ಎಂದು ಇನ್ನೊಮ್ಮೆ ಹೇಳಬೇಕಿತ್ತು. ಆದರೆ ಕಾಫಿ ಬಿಸಿಯಾಗಿತ್ತು, ಹೊಗಳಿಕೆಯೂ ಬಿಸಿಯಾಗಿತ್ತು. ನಾನು ಎರಡನ್ನೂ ಆರಲು ಬಿಡದೆ ಕುಡಿದೆ.