ಭಾನುವಾರ ಯಾರ ಪಾಳಿ

ಬಿಲ್ ಗುಮಾಸ್ತನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಪಾರ್ಸೆಲ್ ಕಚೇರಿಯವರೆಲ್ಲ ಅವನನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಆದರೆ ಆ ಶುಕ್ರವಾರ ಕಾರಣ ದೊಡ್ಡದೇ ಇತ್ತು. ಭಾನುವಾರ ಕೌಂಟರಿನಲ್ಲಿ ಕೂರುವ ಪಾಳಿಗೆ ಮ್ಯಾನೇಜರು ಸತತ ಮೂರನೇ ಸಲ ಅವನ ಹೆಸರನ್ನೇ ಹಲಗೆಯ ಮೇಲೆ ಬರೆದಿದ್ದರು. ಆ ಭಾನುವಾರ ಬೆಳಿಗ್ಗೆಯೇ ಮಗಳ ಓಟದ ಸ್ಪರ್ಧೆ. ಹಿಂದಿನ ಎರಡು ಓಟಕ್ಕೂ ಅಪ್ಪನ ಮುಖ ಕಂಡಿರಲಿಲ್ಲ. ಈ ಸಲವೂ ತಪ್ಪಿಸಿದರೆ ಇನ್ನು ಕರೆಯುವುದೇ ಇಲ್ಲ ಎಂದು ಅವಳು ಊಟದ ತಟ್ಟೆ ನೋಡುತ್ತಲೇ ಹೇಳಿಬಿಟ್ಟಿದ್ದಳು.

"ಸರ್, ಈ ಆಫೀಸಲ್ಲಿ ನಾನೊಬ್ಬನೇನಾ ಇರೋದು?" ಎಂದು ಅವನು ಮ್ಯಾನೇಜರ ಮೇಜಿನ ಮುಂದೆ ನಿಂತು ಕೂಗಿದ.

"ಯಾವ ವಾರ ಯಾರು ಬಂದ್ರು ಅಂತ ನೆನಪಿಟ್ಕೊಳ್ಳೋಕೆ ನನಗೆ ಬೇರೆ ಕೆಲಸ ಇಲ್ವೇನ್ರಿ? ಬರೆಯೋವಾಗ ಎದುರಿಗೆ ನೀವು ಕಂಡ್ರಿ, ಬರೆದೆ."

ಕಣ್ಣಿಗೆ ಬಿದ್ದವನ ತಲೆಗೆ ಕಟ್ಟುವ ಈ ಆಡಳಿತಕ್ಕೆ ಬೆಂಕಿ ಬೀಳಲಿ ಎಂದುಕೊಂಡ ಪಟಾಕಿ, "ನಾನೇ ಕಂಪ್ಯೂಟರಲ್ಲಿ ಪಟ್ಟಿ ಮಾಡ್ಕೊಡ್ತೀನಿ. ಸರದಿ ಪ್ರಕಾರ ಎಲ್ರೂ ಬರ್ಲಿ," ಎಂದ.

"ಧಾರಾಳವಾಗಿ ಮಾಡಿ. ಸಂಜೆಯೊಳಗೆ ಆದ್ರೆ ನಿಮ್ಮ ಹೆಸರು ಅಳಿಸ್ತೀನಿ."

ಪಟಾಕಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಶುರು ಮಾಡಿ ತಿಂಗಳೂ ಆಗಿರಲಿಲ್ಲ. ಗುರು ಎಂದರೆ ಹೆಂಡತಿಯ ತಮ್ಮ, ಪಾಠವೆಲ್ಲ ಫೋನಿನಲ್ಲಿ. ಅದು ಪಟ್ಟಿಯವರೆಗೆ ಬಂದು ನಿಂತಿತ್ತು. ಚೌಕ ಕಂಸದೊಳಗೆ ಒಂದೊಂದೇ ಹೆಸರು ಬರೆದು ನಡುವೆ ಅಲ್ಪವಿರಾಮ ಹಾಕಿದರೆ ಪಟ್ಟಿಯಾಯಿತು. ಅಷ್ಟಕ್ಕೇನು ಎಂದು ಅವನು ಹಿರಿತನದ ಪ್ರಕಾರ ಎಲ್ಲರ ಹೆಸರನ್ನೂ ಟೈಪ್ ಮಾಡಿದ. ಅಷ್ಟರಲ್ಲಿ ಕೆಲಸ ಬಿಟ್ಟು ಎಲ್ಲರೂ ಅವನ ಕುರ್ಚಿಯ ಹಿಂದೆ ಜಮಾಯಿಸಿದ್ದರು.

"ಒಂದನೆಯವರು ಯಾರು, ತೋರಿಸಿ," ಎಂದರು ಟೈಪಿಸ್ಟ್ ಮೇಡಂ.

ಒಂದು ಎಂದು ಒತ್ತಿದರೆ ಸ್ಟೋರ್ ಕೀಪರನ ಹೆಸರು ಬಂತು. ಎಲ್ಲರಿಗಿಂತ ಹಿರಿಯನಾದ ಕ್ಯಾಷಿಯರ್ ಕನ್ನಡಕ ಏರಿಸಿಕೊಂಡು, "ಹಾಗಾದ್ರೆ ನಾನು?" ಎಂದ.

"ನೀವು ಸೊನ್ನೆ. ಇದರಲ್ಲಿ ಎಣಿಕೆ ಸೊನ್ನೆಯಿಂದ ಶುರು."

"ಇಪ್ಪತ್ತು ವರ್ಷ ಈ ಕುರ್ಚಿ ಸವೆಸಿದ್ದಕ್ಕೆ ನಾನು ಸೊನ್ನೆ. ನನ್ನ ಆಮೇಲೆ ಬಂದ ಸ್ಟೋರ್ ಕೀಪರ್ ಒಂದು. ಚೆನ್ನಾಗಿದೆ ಕಣಯ್ಯ ನಿನ್ನ ನ್ಯಾಯ."

"ಸೊನ್ನೆ ಅಂದ್ರೆ ಎಲ್ರಿಗಿಂತ ಮುಂದೆ ಅಂತ. ಈ ಭಾನುವಾರ ನಿಮ್ದೇ ಪಾಳಿ."

ಇದನ್ನು ಕೇಳಿ ಕ್ಯಾಷಿಯರನ ಸಿಟ್ಟು ಇಮ್ಮಡಿಯಾಯಿತು. ಮಂಡಿನೋವು, ರಕ್ತದೊತ್ತಡ ಎಲ್ಲವನ್ನೂ ಎಳೆದು ತಂದ. ಕಾಟ ತಡೆಯಲಾರದೆ ಪಟಾಕಿ, ಅವನಿಲ್ಲದಿದ್ದರೆ ಸರದಿ ಹೇಗಾಗುತ್ತದೋ ನೋಡೋಣವೆಂದು ಪಟ್ಟಿಯ ನಕಲು ಮಾಡಿದ. ಮಾಡಿದೆ ಎಂದುಕೊಂಡ, ಅಷ್ಟೇ. ಹೊಸ ಪಟ್ಟಿ ಎಂದು ಬರೆದು, ಸಮ ಚಿಹ್ನೆ ಹಾಕಿ, ಹಳೆ ಪಟ್ಟಿ ಎಂದು ಬರೆದ. ಹೊಸದರಿಂದ ಕ್ಯಾಷಿಯರನನ್ನು ಕಿತ್ತ. ಹಳೆಯದನ್ನು ತೆರೆದು ನೋಡಿದರೆ ಅಲ್ಲೂ ಕ್ಯಾಷಿಯರ್ ಇಲ್ಲ.

"ಇವರನ್ನ ಕೆಲಸದಿಂದಲೇ ತೆಗೆದುಬಿಟ್ರಾ?" ಎಂದು ಟೈಪಿಸ್ಟ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಕ್ಯಾಷಿಯರ್ ಗೋಡೆಗೆ ಒರಗಿದ. ಯಾರೋ ನೀರು ತಂದರು.

ಪಟಾಕಿ ಬಾಮೈದನಿಗೆ ಫೋನ್ ಮಾಡಿ, ಹಲೋ ಎನ್ನುವ ಮೊದಲೇ ಬೈದ.

"ಭಾವ, ನೀವು ಮಾಡಿದ್ದು ನಕಲಲ್ಲ," ಎಂದ ಅವನು ತಣ್ಣಗೆ. "ಒಂದೇ ಪಟ್ಟಿಗೆ ಎರಡು ಹೆಸರು ಇಟ್ಟಿದೀರಿ. ಮನೇಲಿ ಅಕ್ಕ ನಿಮ್ಮನ್ನ 'ರೀ' ಅಂತಾಳೆ, ಆಫೀಸಲ್ಲಿ ಪಟಾಕಿ ಅಂತಾರೆ. ಯಾವ ಹೆಸರು ಹಿಡಿದು ಹೊಡೆದ್ರೂ ಏಟು ಬೀಳೋದು ನಿಮಗೇ ತಾನೆ? ಅಪೆಂಡ್ ಅಂತ ಕೊಟ್ಟು ಅವರನ್ನ ವಾಪಸ್ ಸೇರಿಸಿ."

ಅಪೆಂಡ್ ಕೊಟ್ಟ. ಪರದೆಯ ಮೇಲೆ ಏನೂ ಆಗಲಿಲ್ಲ. ಸೇರಿತು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಮಾಡಿದ ಕೆಲಸಕ್ಕೆ ಹೂಂ ಎನ್ನುವಷ್ಟೂ ಸೌಜನ್ಯವಿಲ್ಲದ ಯಂತ್ರವನ್ನು ಕಂಡು ಪಟಾಕಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಸಾಲನ್ನು ಮತ್ತೆ ಒತ್ತಿದ. ಹಲ್ಲು ಕಡಿದು ಮತ್ತೂ ಒತ್ತಿದ. ಮೇಜು ಗುದ್ದಿ ಇನ್ನೂ ಒತ್ತಿದ. ಕೊನೆಗೆ ಪಟ್ಟಿ ತೆರೆದರೆ ಬಾಲದಲ್ಲಿ ಕ್ಯಾಷಿಯರ್, ಕ್ಯಾಷಿಯರ್, ಕ್ಯಾಷಿಯರ್ ಎಂದು ಸಾಲುಗಟ್ಟಿ ನಿಂತಿದ್ದ.

"ಕೊಲೆಗಡುಕ," ಎಂದ ಗೋಡೆಗೆ ಒರಗಿದ್ದ ನಿಜವಾದ ಕ್ಯಾಷಿಯರ್. "ಒಂದು ಭಾನುವಾರ ಬೇಡ ಅಂದಿದ್ದಕ್ಕೆ ತಿಂಗಳು ಪೂರ್ತಿ ನನ್ನ ಮೇಲೆ ಹೇರಿದೀಯಲ್ಲೋ."

ರಿಮೂವ್ ಎಂದು ಕೊಟ್ಟರೆ ಒಂದು ಸಲಕ್ಕೆ ಒಬ್ಬನೇ ಹೋಗುತ್ತಿದ್ದ, ಉಳಿದವರು ಕದಲುತ್ತಿರಲಿಲ್ಲ. ಪಟಾಕಿ ಕ್ಯಾಷಿಯರನನ್ನೂ, ಬಾಮೈದನನ್ನೂ, ಪೈಥಾನ್ ಮಾಡಿದವರ ವಂಶವನ್ನೂ ಬೈಯುತ್ತ ಒಂದೊಂದೇ ಕಿತ್ತ. ಅಂಥ ಹೆಸರೇ ಪಟ್ಟಿಯಲ್ಲಿಲ್ಲ ಎಂದು ಯಂತ್ರ ಕೆಂಪಕ್ಷರದಲ್ಲಿ ರೇಗುವವರೆಗೂ ಕಿತ್ತ. ಆಮೇಲೆ ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಅಪೆಂಡ್ ಒತ್ತಿದ. ಕ್ಯಾಷಿಯರ್ ಪಟ್ಟಿಯ ಕೊನೆಗೆ ಹೋದ, ಸಮಾಧಾನಗೊಂಡ. ಸ್ಟೋರ್ ಕೀಪರ್ ತಾನಾಗಿಯೇ ಪಟ್ಟಿಯ ತಲೆಗೆ ಬಂದ. ಪಟ್ಟಿ ಸರಿಹೋಯಿತೆಂದು ಪಟಾಕಿ ಬಾಮೈದನಿಗೆ ತಿಳಿಸುವಾಗ ಊಟದ ಹೊತ್ತು ಮೀರಿತ್ತು.

ಸಂಜೆ ಮ್ಯಾನೇಜರು ಬಂದು ಪರದೆಯ ಮುಂದೆ ಕೂತರು. ಪಟಾಕಿ ಎದೆ ಉಬ್ಬಿಸಿ ವಿವರಿಸಿದ: "ನೋಡಿ ಸರ್. ಭಾನುವಾರ ಪಾಳಿಯವರು ಬಂದ ತಕ್ಷಣ ಈ ಸಾಲು ಒತ್ತಬೇಕು. ಪಟ್ಟಿಯ ತಲೆಯಲ್ಲಿರೋ ಹೆಸರು ಕಳಚಿಕೊಂಡು ಬಾಲಕ್ಕೆ ಸೇರುತ್ತೆ. ಬಾರದೆ ಹೋದ್ರೆ ಅವರ ಹೆಸರು ತಲೆಯಲ್ಲೇ ಉಳಿಯುತ್ತೆ. ಯಾರೂ ತಪ್ಪಿಸಿಕೊಳ್ಳೋ ಹಾಗಿಲ್ಲ."

ಮ್ಯಾನೇಜರು ಮೆಚ್ಚಿ ತಲೆಯಾಡಿಸಿದರು. ಎದ್ದು ಹೋಗಿ ಹಲಗೆಯ ಮೇಲಿದ್ದ ಅವನ ಹೆಸರನ್ನು ಅಳಿಸಿದರು. ಮೂರು ವಾರಗಳಲ್ಲಿ ಮೊದಲ ಸಲ ಪಟಾಕಿಯ ಮುಖದಲ್ಲಿ ನಗು ಕಂಡಿತು.

"ಅಂದ ಹಾಗೆ, ಒತ್ತೋದು ಯಾರು?" ಎಂದರು ಮ್ಯಾನೇಜರು.

"ಪಾಳಿಗೆ ಬಂದವರೇ ಒತ್ತಲಿ."

"ನಾನು ಮುಟ್ಟಲ್ಲಪ್ಪ," ಎಂದ ಸ್ಟೋರ್ ಕೀಪರ್. "ಬೆಳಿಗ್ಗೆ ಕ್ಯಾಷಿಯರ್ ಗತಿ ಏನಾಯ್ತು ಅಂತ ಕಣ್ಣಾರೆ ನೋಡಿದೀನಿ." ಕ್ಯಾಷಿಯರ್ ಕೈ ಮುಗಿದ. ಟೈಪಿಸ್ಟ್ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

"ಸೋಮವಾರ ನಾನೇ ಬಂದು ಒತ್ತಿದ್ರಾಯ್ತು ಸರ್."

"ಬಂದ ತಕ್ಷಣ ಒತ್ತಬೇಕು ಅಂತ ಈಗ ನೀವೇ ಅಂದ್ರಲ್ರೀ. ಸೋಮವಾರ ಆದ್ರೆ ಬಂದಿದ್ರೋ ಇಲ್ವೋ ಯಾರು ನೋಡಿರ್ತಾರೆ? ಭಾನುವಾರ ಒಂಬತ್ತಕ್ಕೆ ಬಂದು ಒತ್ತಿ ಹೋಗಿ. ಎರಡು ನಿಮಿಷದ ಕೆಲಸ."

ಓಟ ಶುರುವಾಗುವುದೂ ಒಂಬತ್ತಕ್ಕೇ ಎಂದು ಕೂಗಲು ಪಟಾಕಿ ಬಾಯಿ ತೆರೆದ. ಅಷ್ಟರಲ್ಲಿ ಸ್ಟೋರ್ ಕೀಪರ್ ತಲೆ ಕೆರೆದುಕೊಳ್ಳುತ್ತ ಒಂದು ಮಾತು ಕೇಳಿದ.

"ಸರ್, ಇವರು ಹೇಗಿದ್ರೂ ಪ್ರತಿ ಭಾನುವಾರ ಬಂದೇ ಬರ್ತಾರಲ್ಲ. ಮತ್ತೆ ನಾವೆಲ್ಲ ಯಾಕೆ ಬರ್ಬೇಕು?"

ಇಷ್ಟು ಸರಳವಾದದ್ದು ತಮಗೆ ಹೊಳೆಯಲಿಲ್ಲವಲ್ಲ ಎಂಬಂತೆ ಮ್ಯಾನೇಜರು ಹಣೆ ಚಚ್ಚಿಕೊಂಡು, ಅವನ ಹೆಸರನ್ನು ಹಲಗೆಗೆ ಮರಳಿ ಏರಿಸಿದರು. ಕ್ಯಾಷಿಯರನ ಮಂಡಿನೋವು ನಿಂತ ನಿಲುವಿನಲ್ಲೇ ವಾಸಿಯಾಯಿತು. ಮೇಡಂ ಆಗಲೇ ಚೀಲ ಹೆಗಲಿಗೇರಿಸಿದ್ದರು. ಪಟಾಕಿ ಕೂಗಿದ, ಕುರ್ಚಿ ಒದ್ದ, ರಾಜೀನಾಮೆ ಕೊಡುತ್ತೇನೆಂದ. ಹಾಗೆಂದು ಅವನು ತಿಂಗಳಿಗೊಮ್ಮೆ ಹೇಳುತ್ತಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಫೋನ್ ಬಡಿದುಕೊಂಡಿತು. ಮಗಳು.

"ಅಪ್ಪ, ಪಟ್ಟಿ ಸರಿಹೋಯ್ತಂತೆ, ಮಾವ ಹೇಳಿದ್ರು. ನಿನಗೆ ಮುಂದಿನ ಸಾಲಲ್ಲೇ ಜಾಗ ಹಿಡಿದಿಡ್ಲಾ?"

ದಿನವಿಡೀ ಬೀದಿಗೆಲ್ಲ ಕೇಳುವಂತೆ ಅರಚಿದವನು, "ಬೇಡಮ್ಮ," ಎಂದು ಮೆಲ್ಲಗೆ ಹೇಳಿದ. ಅವಳು ಫೋನ್ ಇಟ್ಟಳು.